ಘೋಡಗೇರಿಯ ತನಕ

ಹೈದರಾಬಾದ್
10 ಸೆಪ್ಟೆಂಬರ್ 1998

ಪ್ರೀತಿಯ ಭೂಪಾಲ ಕಾಕಾ ಅವರಿಗೆ ಆರತಿಯ ನಮಸ್ಕಾರಗಳು.

ಫೋನಿನಲ್ಲಿ ನಾನು ಕೂಗಿ ಕೂಗಿ ಸುಸ್ತಾಗುತ್ತೇನೆ, ನೀವು ಎಲ್ಲದಕ್ಕೂ "ಊಟ ಆತು" ಅನ್ನುತ್ತೀರಿ. ಅದಕ್ಕೇ ಪತ್ರ. ಸ್ವಾರ್ಥದ ಪತ್ರ ಎಂದು ಮೊದಲೇ ಹೇಳಿಬಿಡುತ್ತೇನೆ.

ನನ್ನ ಪಿಎಚ್.ಡಿ.ಗೆ ಇದು ಐದನೇ ವರ್ಷ. ಶಿಷ್ಯವೇತನ ಮಾರ್ಚ್ ಮೂವತ್ತೊಂದಕ್ಕೆ ನಿಲ್ಲುತ್ತದೆ. ಕೊನೆಯ ಅಧ್ಯಾಯ ಬಾಕಿ ಇದೆ, ಅದು ನಮ್ಮ ಕಡೆಯ ಕುರಿಗಳದ್ದು. ಅದಾಗದಿದ್ದರೆ ಉಳಿದ ನಾಲ್ಕು ಅಧ್ಯಾಯಗಳನ್ನು ಗಂಟು ಕಟ್ಟಿಕೊಂಡು ಊರಿಗೆ ಬರಬೇಕಷ್ಟೆ.

ನಾನು ಇಲ್ಲಿ ಏನು ಮಾಡುತ್ತೇನೆಂದು ನೀವು ಕೇಳುವುದನ್ನೇ ಬಿಟ್ಟಿದ್ದೀರಿ. ಇನ್ನೊಂದು ಸಲ ಹೇಳುತ್ತೇನೆ. ಪ್ರತಿ ಪ್ರಾಣಿಯ ಜೀವಕೋಶದಲ್ಲಿ ಡಿಎನ್ಎ ಎಂಬ ಉದ್ದನೆಯ ಎಳೆ ಇದೆಯಲ್ಲ, ಅದರಲ್ಲಿ ಜಾಗ ಬದಲಿಸುವ ತುಣುಕುಗಳಿವೆ. ಕೆಲವು ಕೂತಲ್ಲಿಂದ ಎದ್ದು ಬೇರೆ ಕಡೆ ಹೋಗಿ ಕೂಡುತ್ತವೆ. ಕೆಲವು ತಾವು ಏಳುವುದಿಲ್ಲ, ತಮ್ಮ ನಕಲನ್ನು ಕಳಿಸುತ್ತವೆ. ಇನ್ನು ಕೆಲವು ಯಾವುದೋ ಕಾಲದಲ್ಲಿ ಒಳಗೆ ಹೊಕ್ಕು ಅಲ್ಲೇ ಉಳಿದುಬಿಟ್ಟ ವೈರಸ್ಸುಗಳು. ಮೀನಿನಲ್ಲಿ, ಕಪ್ಪೆಯಲ್ಲಿ ಇಂಥವುಗಳ ಬಗೆ ಬಹಳ, ಕೋಳಿಯಲ್ಲಿ ಕಡಿಮೆ. ಕುರಿಯಲ್ಲಿರುವ ಒಂದು ತುಣುಕು ಹಾವಿನಲ್ಲೂ ಇದೆ. ಅದು ಹಾವಿನ ಕಡೆಯಿಂದಲೇ ದನ-ಕುರಿಗಳ ವಂಶಕ್ಕೆ ದಾಟಿರಬೇಕೆಂದು ಈ ವರ್ಷ ಒಂದು ಲೇಖನ ಬಂದಿದೆ. ಹೇಗೆ ದಾಟಿತೋ ಯಾರಿಗೂ ಗೊತ್ತಿಲ್ಲ.

ಒಂದು ನಕಲು ಒಂದು ಜಾಗದಲ್ಲಿ ಕೂತಿತೆಂದರೆ ಮುಂದೆ ಮಕ್ಕಳು ಮೊಮ್ಮಕ್ಕಳಿಗೆ ಅದೇ ಜಾಗದಲ್ಲೇ ಹೋಗುತ್ತದೆ. ಅದನ್ನು ನೋಡಿ ಯಾವ ಹಿಂಡಿಗೆ ಯಾವ ಹಿಂಡು ಸಂಬಂಧ ಎಂದು ಹೇಳಬಹುದು. ನನಗೆ ಬೇಕಾದದ್ದು ಇಷ್ಟು: ಗೋಕಾಕ ಕಡೆಯ ಹತ್ತು ಕುರಿ, ಮೂಡಲಗಿ ಕಡೆಯ ಹತ್ತು, ಹುಕ್ಕೇರಿ ಕಡೆಯ ಹತ್ತು. ಊರು ದೂರ ದೂರ ಇದ್ದರೆ ಹಿಂಡುಗಳೂ ಬೇರೆ ಬೇರೆ ಇರುತ್ತವೆ. ಪ್ರತಿಯೊಂದರ ರಕ್ತ ಎರಡು ಚಮಚದಷ್ಟು ಸಾಕು. ನೇರಳೆ ಮುಚ್ಚಳದ ಸೀಸೆಗಳನ್ನು ಬಸ್ಸಿನಲ್ಲಿ ಕಳಿಸಿದ್ದೇನೆ. ಜೊತೆಗಿರುವ ಹಾಳೆಯಲ್ಲಿ ಸೀಸೆಯ ನಂಬರಿನ ಮುಂದೆ ಊರಿನ ಹೆಸರು ಬರೆದರಾಯಿತು.

ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ರಕ್ತ ತೋರಿಸಿದವರು ನೀವು, ಕಾಕಾ. ಹಾಗಾಗಿ ಈ ಪೀಡೆ ನೀವೇ ಹಚ್ಚಿದ್ದು.

ನಿಮ್ಮ ಆರತಿ

*

ಹುಕ್ಕೇರಿ
22 ಸೆಪ್ಟೆಂಬರ್ 1998

ಚಿ. ಆರತಿಗೆ ಆಶೀರ್ವಾದ.

ನಿನ್ನ ಪತ್ರವೂ ಸೀಸೆಗಳೂ ಮುಟ್ಟಿದವು. ಪತ್ರವನ್ನು ನಿನ್ನ ಕಮಲವ್ವ ಕಾಕಿಗೆ ಗಟ್ಟಿಯಾಗಿ ಓದಿ ಹೇಳಿದ್ದು ನನ್ನ ತಪ್ಪು. ರಕ್ತ ಎಂಬ ಮಾತು ಬಂದದ್ದೇ ತಾಟು ಸರಿಸಿ ಎದ್ದಳು. "ಹಾಲಿನ ಬಾಜೂಕ ಕುರಿ ರಕ್ತಾ ಇಡಾಕ ಬರೂದಿಲ್ಲ ನೋಡ್ರಿ. ಇಡೂದ ಇದ್ರ ಫ್ರಿಜ್ಜಿನ ಜೋಡಿ ನೀವೂ ಹೊರಗ ನಡೀರಿ" ಅಂದಳು. ದವಾಖಾನೆಗೆ ಹೋಗಿ ಲಸಿಕೆ ಇಡುವ ಫ್ರಿಜ್ಜಿನಲ್ಲಿ ಒಂದು ಖಾನೆ ಕೇಳಿ ಬಂದಿದ್ದೇನೆ. ಮೂವತ್ತೊಂದು ವರ್ಷ ಅಲ್ಲಿ ದನದ ಕಂಪೌಂಡರ್ ಆಗಿದ್ದವನಿಗೆ ಇಲ್ಲ ಅನ್ನಲಿಲ್ಲ.

ಕೆಲಸ ಆಗುತ್ತದೆ, ಚಿಂತೆ ಬೇಡ. ಆದರೆ ದೀಪಾವಳಿ ಆಗಲಿ. ಇಲ್ಲೇ ಹತ್ತಿರದ ಘೋಡಗೇರಿಯಲ್ಲಿ ಮಾಯಪ್ಪ ಅಂತ ಒಬ್ಬ ಕುರುಬ ಇದ್ದಾನೆ, ನನ್ನ ಸರ್ವಿಸಿನ ಕಾಲದ ಗೆಳೆಯ. ಮಳೆಗಾಲಕ್ಕೆ ಅವನ ಹಿಂಡು ಮೂಡಲಗಿ ಕಡೆ ಹೋಗಿ, ಗೋಕಾಕ, ಧುಪದಾಳದ ಮೇಲೆ ಹಾಯ್ದು ದೀಪಾವಳಿಗೆ ಊರಿಗೆ ಬರುತ್ತದೆ. ಅವನು ಬಂದರೆ ನನಗೊಂದು ಕೈ ಸಿಗುತ್ತದೆ.

ಸಂಕೇಶ್ವರದಲ್ಲಿ ಈ ಸಲ ಮುನಿಮಹಾರಾಜರ ಚಾತುರ್ಮಾಸ ನಡೆದಿದೆ. ದಶಲಕ್ಷಣ ಪರ್ವ ಮುಗಿಯುವ ದಿನ ನಾನೂ ಒಂದು ನಿಯಮ ತೆಗೆದುಕೊಂಡೆ. ಅದೇನು ದೊಡ್ಡ ಸುದ್ದಿಯಲ್ಲ, ಇನ್ನೊಮ್ಮೆ ಬರೆಯುತ್ತೇನೆ.

ಭೂಪಾಲ

*

ಹೈದರಾಬಾದ್
6 ಅಕ್ಟೋಬರ್ 1998

ಕಾಕಾ,

ನಿಯಮ ಅಂದರೆ ಏನು, ಬದನೆಕಾಯಿ ಬಿಟ್ಟಿರಾ? ಕಾಕಿಯ ಎಣ್ಣೆಗಾಯಿ ಬಿಟ್ಟು ನೀವು ಎಂಟು ದಿನ ಬದುಕುವುದಿಲ್ಲ, ನಾನು ಬರೆದುಕೊಡುತ್ತೇನೆ.

ಒಂದು ಮಾತು. ಗೋಕಾಕಕ್ಕೂ ಮೂಡಲಗಿಗೂ ಬೇರೆಯವರನ್ನು ಕಳಿಸಬೇಡಿ, ನೀವೇ ಹೋಗಿ. ಹಿಂದಿನ ವರ್ಷ ಬೇರೆ ರಾಜ್ಯದಿಂದ ಒಬ್ಬರು ಕಳಿಸಿದ ಸೀಸೆಗಳಲ್ಲಿ ಅರ್ಧ ಹೆಪ್ಪುಗಟ್ಟಿದ್ದವು, ಎರಡರಲ್ಲಿ ಮೇಕೆಯ ರಕ್ತ ಇತ್ತು. ನನಗೆ ಈಗ ನಿಮ್ಮ ಕೈಯೊಂದರ ಮೇಲೆಯೇ ನಂಬಿಕೆ. ಇಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡದ ಹಾಗೆ ಓಡಾಡುತ್ತಾರೆ. ನಿಮ್ಮ ಸೀಸೆಗಳು ಬಂದರೆ ಸಾಕೆಂದು ದಿನ ಎಣಿಸುತ್ತಿದ್ದೇನೆ.

ಎಲ್ಲ ಮುಗಿಸಿ ಊರಿಗೆ ಬಂದಾಗ ಮೊದಲಿನ ಹಾಗೆ ಘಟಪ್ರಭಾ ಸ್ಟೇಷನ್ನಿಗೆ ಬನ್ನಿ. ಈಗ ಸೈಕಲ್ಲಿನ ಹಿಂದೆ ಕೂಡುವಷ್ಟು ಸಣ್ಣವಳಲ್ಲ, ಬಸ್ಸಿನಲ್ಲೇ ಹೋಗೋಣ.

ಆರತಿ

*

ಹುಕ್ಕೇರಿ
9 ನವೆಂಬರ್ 1998

ಚಿ. ಆರತಿಗೆ ಆಶೀರ್ವಾದ.

ಮೂವತ್ತು ಸೀಸೆ ತುಂಬಿ, ಬರ್ಫು ಹಾಕಿದ ಥರ್ಮಾಸಿನಲ್ಲಿಟ್ಟು ನಿನ್ನೆ ಸಂಕೇಶ್ವರದಲ್ಲಿ ಹೈದರಾಬಾದ್ ಬಸ್ಸಿನ ಡ್ರೈವರನ ಕೈಗೆ ಕೊಟ್ಟಿದ್ದೇನೆ. ಹಾಳೆಯಲ್ಲಿ ಊರು ಬರೆದಿದ್ದೇನೆ. ಗೋಕಾಕ ಹತ್ತು, ಮೂಡಲಗಿ ಹತ್ತು, ಹುಕ್ಕೇರಿ ಹತ್ತು. ಒಂದೂ ಹೆಪ್ಪುಗಟ್ಟಿಲ್ಲ, ಒಂದೂ ಮೇಕೆಯಲ್ಲ.

ಮೂಡಲಗಿ ಕಡೆ ಈ ಸಲ ಮೇವು ಚಲೋ ಇತ್ತಂತೆ. ಗೋಕಾಕದ ಹೊಲಗಳಲ್ಲಿ ಹಿಂಡು ಕೂಡಿಸಲು ರೈತರು ತಾವಾಗಿಯೇ ಕರೆದರಂತೆ, ಗೊಬ್ಬರದ ಆಸೆಗೆ. ಧುಪದಾಳದಲ್ಲಿ ಒಡ್ಡಿನ ಮೇಲೆ ನೀರು ಜಿಗಿಯುತ್ತಿತ್ತಂತೆ.

ಹಾವಿನ ಸಂಗತಿಯನ್ನು ಮಾಯಪ್ಪನಿಗೆ ಹೇಳಿದೆ. ತನ್ನ ಕುರಿಗಳ ಕಡೆ ತಿರುಗಿ ನೋಡಿದ. "ಅದಕ್ಕ ಇವು ಹಾವು ಕಂಡ್ರೂ ಓಡೂದಿಲ್ಲ ನೋಡ್ರಿ, ಬೀಗರ ಬಂದ್ರು ಅಂತ ತಿಳೀತಾವು" ಅಂದ.

ಸೂಜಿ ಹಿಡಿಯುವ ಕೈ ಈಗ ಮೊದಲಿನಂತಿಲ್ಲ. ಮೈ ದಣಿದಿದೆ. ಉಳಿದದ್ದು ಮತ್ತೊಮ್ಮೆ.

ಭೂಪಾಲ

*

ಹೈದರಾಬಾದ್
24 ಜನವರಿ 1999

ಪ್ರೀತಿಯ ಕಾಕಾ,

ಎರಡು ತಿಂಗಳಿಂದ ಬರೆದಿಲ್ಲ, ಬೈಯಬೇಡಿ. ಸುದ್ದಿ ಅಷ್ಟು ದೊಡ್ಡದಿದೆ.

ನಿಮ್ಮ ಮೂವತ್ತು ಕುರಿಗಳಲ್ಲಿ ಹತ್ತೊಂಬತ್ತರಲ್ಲಿ ಒಂದು ತುಣುಕು ಒಂದೇ ಜಾಗದಲ್ಲಿ ಕೂತಿದೆ. ಬೇರೆ ರಾಜ್ಯಗಳ ಅರವತ್ತು ಕುರಿಗಳನ್ನು ನೋಡಿದ್ದೇನೆ, ಒಂದರಲ್ಲೂ ಅದು ಆ ಜಾಗದಲ್ಲಿಲ್ಲ. ಗೋಕಾಕದಲ್ಲಿ ಇದೆ, ಮೂಡಲಗಿಯಲ್ಲಿ ಇದೆ, ಹುಕ್ಕೇರಿಯಲ್ಲಿ ಇದೆ. ಮೂರು ಕಡೆಯೂ ಇದೆ ಎಂದರೆ ಬಹಳ ಹಿಂದೆಯೇ ಕೂತು, ಹಿಂಡಿನಿಂದ ಹಿಂಡಿಗೆ ಹೋಗಿ, ಇಡೀ ಸೀಮೆಯ ಗುರುತಾಗಿಬಿಟ್ಟಿದೆ ಎಂದರ್ಥ. ನನ್ನ ಗೈಡ್ ಐದು ವರ್ಷಗಳಲ್ಲಿ ಮೊದಲ ಸಲ ನನ್ನ ಮೇಜಿನ ಹತ್ತಿರ ತಾವಾಗಿ ಬಂದು ಕೂತರು. ಈ ಅಧ್ಯಾಯವೇ ಪ್ರಬಂಧದ ತಲೆಯಾಗಲಿ ಅಂದರು. ಮಾರ್ಚ್ ಹದಿನೈದಕ್ಕೆ ಪುಣೆಯ ಸಮ್ಮೇಳನದಲ್ಲಿ ಇದನ್ನು ಓದುತ್ತೇನೆ.

ಕೃತಜ್ಞತೆಯ ಪುಟ ಬರೆದಾಗಿದೆ. "ಮೂರು ಸೀಮೆ ತಿರುಗಿ ರಕ್ತ ಕೂಡಿಸಿಕೊಟ್ಟ ನನ್ನ ಕಾಕಾ" ಎಂದು ಹಾಕಿದ್ದೇನೆ.

ಒಂದು ಸಣ್ಣ ಕೆಲಸ ಉಳಿದಿದೆ. ಯಾವ ಸೀಸೆ ಯಾರ ಹಿಂಡಿನದು ಎಂದು ಗೈಡ್ ಕೇಳಿದರು. ಹಾಳೆಯಲ್ಲಿ ಊರಿನ ಸಾಲು ಮಾತ್ರ ಇಟ್ಟದ್ದು ನನ್ನದೇ ಮರೆವು. ಕುರಿಗಳ ಮಾಲಕರ ಹೆಸರು, ಸಾಧ್ಯವಾದರೆ ಟಗರು ಯಾರದೆಂಬುದನ್ನೂ, ಬರೆದು ಕಳಿಸಿ.

ನಿಮ್ಮ ಆರತಿ

*

ಹೈದರಾಬಾದ್
20 ಫೆಬ್ರವರಿ 1999

ಕಾಕಾ,

ಪತ್ರ ಮುಟ್ಟಲಿಲ್ಲವೇ? ಕಾಕಿಗೆ ಫೋನ್ ಮಾಡಿದರೆ "ನಿಮ್ಮ ಕಾಕಾ ಯಾಕೋ ಸರಿಯಾಗಿ ಉಣ್ಣಾಕ ಒಲ್ಲರು" ಅಂದರು. ಮೈಯಲ್ಲಿ ಹುಷಾರಿಲ್ಲವೇ? ಹೆಸರುಗಳು ಮಾರ್ಚ್ ಹತ್ತರೊಳಗೆ ಬೇಕು. ನೆನಪಿರುವಷ್ಟನ್ನೇ ಬರೆಯಿರಿ.

ಆರತಿ

*

ಹುಕ್ಕೇರಿ
26 ಫೆಬ್ರವರಿ 1999

ಚಿ. ಆರತಿಗೆ,

ಮೈಗೆ ಏನೂ ಆಗಿಲ್ಲ. ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ.

ಮಾಲಕನ ಹೆಸರು ಒಂದೇ, ಮಾಯಪ್ಪ. ಮೂವತ್ತೂ ಅವನ ಹಿಂಡಿನ ಕುರಿಗಳು. ನಾನು ಗೋಕಾಕಕ್ಕೂ ಹೋಗಿಲ್ಲ, ಮೂಡಲಗಿಗೂ ಹೋಗಿಲ್ಲ.

ನಾನು ತೆಗೆದುಕೊಂಡದ್ದು ಬದನೆಕಾಯಿಯ ನಿಯಮವಲ್ಲ, ದಿಗ್ವ್ರತ. ಇಂಥ ದಿಕ್ಕಿನಲ್ಲಿ ಇಂಥ ಊರಿನ ಆಚೆ ಕಾಲಿಡುವುದಿಲ್ಲ ಎಂದು ಗೆರೆ ಹಾಕಿಕೊಳ್ಳುವುದು. ಮುನಿಗಳು ಕೇಳಿದಾಗ ನಾನು ಪಡುವಣಕ್ಕೆ ಸಂಕೇಶ್ವರ, ಮೂಡಣಕ್ಕೆ ಘೋಡಗೇರಿ ಅಂದೆ. ಬದುಕಿರುವ ತನಕ. ಮೂವತ್ತೊಂದು ವರ್ಷ ಸೈಕಲ್ ಮೇಲೆ ಊರೂರು ತಿರುಗಿ ಹೋರಿಗಳ ಬೀಜ ಒಡೆದಿದ್ದೇನೆ, ಸತ್ತ ಕರುಗಳನ್ನು ಹೊಟ್ಟೆಯಿಂದ ತುಂಡು ತುಂಡಾಗಿ ತೆಗೆದಿದ್ದೇನೆ. ಇನ್ನು ತಿರುಗುವುದು ಸಾಕು ಅನಿಸಿತ್ತು. ಆ ದಿನ ಮನೆಗೆ ಬಂದು ಚಪ್ಪಲಿ ಬಿಟ್ಟಾಗ ಎಷ್ಟು ಹಗುರಾಗಿತ್ತೆಂದರೆ ಕಣ್ಣಲ್ಲಿ ನೀರು ಬಂತು. ಘಟಪ್ರಭಾ ಸ್ಟೇಷನ್ನು ಗೆರೆಯ ಆಚೆ ಉಳಿಯಿತೆಂದು ಹೊಳೆದದ್ದು ನಿನ್ನ ಪತ್ರ ಓದಿದಾಗಲೇ.

ನಿನ್ನ ಮೊದಲ ಪತ್ರ ಬಂದದ್ದು ವ್ರತದ ಎಂಟನೇ ದಿನಕ್ಕೋ ಹತ್ತನೇ ದಿನಕ್ಕೋ. ಆಗುವುದಿಲ್ಲ ಎಂದು ಅವತ್ತೇ ಬರೆಯಬೇಕಿತ್ತು. ನೀನು ನಂಬಿ ಕೇಳಿದ್ದೆ. ಆಮೇಲೆ ನಿಮ್ಮ ಕೈಯೊಂದರ ಮೇಲೆಯೇ ನಂಬಿಕೆ ಅಂತ ಬರೆದೆ. ನನಗೆ ಉಬ್ಬು ಬಂತು ನೋಡು, ಇಲ್ಲವೆನ್ನುವ ಬಾಯಿ ಕಟ್ಟಿತು.

ದೀಪಾವಳಿಗೆ ಮಾಯಪ್ಪನ ಹಿಂಡು ಘೋಡಗೇರಿಗೆ ಬಂದಿತು. ಮೂಡಲಗಿ, ಗೋಕಾಕ ಎಲ್ಲ ತಿರುಗಿ ಬಂದ ಹಿಂಡು. ನಾನು ಹೋಗಲಾಗದ ಊರಿಗೆ ಕುರಿಗಳೇ ಹೋಗಿ ಬಂದಿವೆಯಲ್ಲ ಎಂಬ ಕೆಟ್ಟ ಯೋಚನೆ ಬಂತು. ಒಂದೊಂದನ್ನು ಹಿಡಿದು, ಇದು ಎಲ್ಲಿ ಹುಟ್ಟಿದ್ದು ಎಂದು ಕೇಳಿದೆ. ಅವನಿಗೆ ಎಲ್ಲ ನೆನಪು. ಇದು ಮೂಡಲಗಿಯ ಮಳೆಯಲ್ಲಿ, ಇದು ಗೋಕಾಕದ ಜೋಳದ ಹೊಲದಲ್ಲಿ, ಇದು ಇಲ್ಲೇ ಮನೆ ಮುಂದೆ ಎಂದು ಹೇಳುತ್ತ ಹೋದ. ಹುಟ್ಟಿದ ಊರನ್ನು ಹಾಳೆಯಲ್ಲಿ ಬರೆದೆ. ಹಾಳೆ ಕೇಳಿದ್ದು ಊರನ್ನಷ್ಟೇ, ನಾನು ಸುಳ್ಳು ಬರೆಯುತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮಾಯಪ್ಪನಿಗೆ ಅದೂ ಗೊತ್ತಾಯಿತು. "ಡಾಕ್ಟರ್ ಸಾಹೇಬ್ರ, ಇವೆಲ್ಲಾ ನಮ್ಮ ಒಂದ ಟಗರಿನ ಮಕ್ಕಳ್ರಿ" ಅಂದ. "ಊರ ಬ್ಯಾರೆ ಬರದ್ರ ಅಪ್ಪ ಬ್ಯಾರೆ ಆಗ್ತಾನೇನ್ರಿ?" ಕೇಳಿಯೂ ಕೇಳದವನ ಹಾಗೆ ಮುಚ್ಚಳ ತಿರುಗಿಸಿದೆ. ಕಿವುಡನಾದದ್ದು ಅವತ್ತು ಅನುಕೂಲಕ್ಕೆ ಬಂತು.

ನೀನು ಸೀಮೆಯ ಗುರುತು ಅಂದದ್ದು ಆ ಒಂದು ಟಗರಿನ ಗುರುತು ಇರಬೇಕು. ಪುಣೆಯಲ್ಲಿ ಅದನ್ನು ಓದಬೇಡ. ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರು ತೆಗೆ.

ಭೂಪಾಲ

*

ಹೈದರಾಬಾದ್
5 ಮಾರ್ಚ್ 1999

ಕಾಕಾ,

ಪತ್ರ ಲ್ಯಾಬಿನಲ್ಲೇ ಒಡೆದು ಓದಿದೆ. ನನಗೆ ನಿಮ್ಮ ಮೇಲೆ ಬಹಳ ಸಿಟ್ಟು ಬಂದಿದೆ. ಗೈಡ್ ಹತ್ತಿರ ಹೋಗಿ ಹೇಳಬೇಕು, ಇನ್ನೂ ಹೇಳಿಲ್ಲ. ನಿಮ್ಮಿಂದ ಇನ್ನು ಯಾವ ರಕ್ತವೂ ಬೇಡ, ಯಾವ ಹೆಸರೂ ಬೇಡ. ನೀವು ನಿಮ್ಮ ಗೆರೆಯ ಒಳಗೇ ಇರಿ.

ಆರತಿ

*

ಮೂಡಲಗಿ
8 ಮಾರ್ಚ್ 1999

ಚಿ. ಆರತಿಗೆ,

ನಿನ್ನಿಂದ ಉತ್ತರ ಬಂದಿದೆಯೋ ಇಲ್ಲವೋ ಗೊತ್ತಿಲ್ಲ. ನಾನು ಮನೆ ಬಿಟ್ಟು ಮೂರು ದಿನವಾಯಿತು.

ಮಾಯಪ್ಪನೇ ಜೊತೆಗೆ ಬಂದ. ಅವನ ಅಳಿಯ ಮಾಲಿಂಗ ಮೂಡಲಗಿಯವನು, ಅವನ ಮನೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬಸ್ಸು ಘೋಡಗೇರಿ ದಾಟುವಾಗ ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಏನೂ ಆಗಲಿಲ್ಲ. ಅದೇ ಕಬ್ಬು, ಅದೇ ಧೂಳು. ಒಬ್ಬಾಕೆ ಪಕ್ಕದಲ್ಲಿ ಕೂತು ಸೇಂಗಾ ಸುಲಿಯುತ್ತಿದ್ದಳು, ನನಗೂ ನಾಲ್ಕು ಕೊಟ್ಟಳು. ಆದರೆ ಎದೆಯೊಳಗೆ ಮನೆಯ ಬಾಗಿಲು ತೆರೆದಿಟ್ಟು ಬಂದ ಹಾಗಿತ್ತು, ಈಗಲೂ ಹಾಗೇ ಇದೆ.

ಗೋಕಾಕ ಕಡೆ ಐದು ಹಿಂಡು, ಇಲ್ಲಿ ಐದು ಹಿಂಡು. ಒಂದು ಹಿಂಡಿನಿಂದ ಎರಡೇ ಕುರಿ. ಮಾಲಕರ ಹೆಸರು, ಟಗರನ್ನು ಎಲ್ಲಿಂದ ತಂದದ್ದೆಂಬುದು, ಎಲ್ಲ ಬರೆಸಿ ಅವರ ಹೆಬ್ಬೆಟ್ಟು ಒತ್ತಿಸಿದ್ದೇನೆ. ಹೆಬ್ಬೆಟ್ಟು ಯಾಕೆ ಎಂದು ಕೇಳಿದರು. ಬರೆದವನ ಮೇಲೆ ನಂಬಿಕೆ ಇಲ್ಲ, ಅದಕ್ಕೆ ಅಂದೆ. ರಕ್ತನಾಳ ಸಿಗದೆ ಒಂದು ಕುರಿಗೆ ಮೂರು ಸಲ ಚುಚ್ಚಬೇಕಾಯಿತು. ಮಾಲಿಂಗನ ಹೆಂಡತಿ ಕೆಂಪವ್ವ ಅದರ ತಲೆ ಒತ್ತಿ ಹಿಡಿದುಕೊಂಡು, "ಸಾಕ್ ಬಿಡ್ರಿ ಯಜ್ಜಾ, ನಿಮ್ಮ ಕಣ್ಣಾಗ ನೀರ ಬರಾಕತ್ತಾವು" ಅಂದಳು.

ಇಪ್ಪತ್ತು ಸೀಸೆ ನಾಳೆ ಸಂಕೇಶ್ವರದ ಬಸ್ಸಿಗೆ ಹಾಕುತ್ತೇನೆ. ಬೇಕಾದರೆ ತೆರೆ, ಬೇಡವಾದರೆ ಚೆಲ್ಲು.

ಭೂಪಾಲ

*

ಹೈದರಾಬಾದ್
2 ಮೇ 1999

ಕಾಕಾ ಅವರಿಗೆ,

ಸೀಸೆಗಳು ಬಂದು ಇಪ್ಪತ್ತು ದಿನ ಫ್ರಿಜ್ಜಿನಲ್ಲಿ ಹಾಗೇ ಇದ್ದವು. ಸಿಟ್ಟಿನಿಂದ ಮುಟ್ಟಿರಲಿಲ್ಲ. ಅಷ್ಟರಲ್ಲಿ ಗೈಡಿಗೆ ಹೇಳಿದ್ದೆ. ಅವರು ಬೈಯಲಿಲ್ಲ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದು ಬೈಗುಳಕ್ಕಿಂತ ಹೆಚ್ಚಾಯಿತು. ಪುಣೆಗೆ ಹೋಗಲಿಲ್ಲ. ಶಿಷ್ಯವೇತನ ನಿಂತಿದೆ. ಆಗಸ್ಟ್ ತನಕ ಸಮಯ ಕೊಟ್ಟಿದ್ದಾರೆ, ಬೆಳಿಗ್ಗೆ ಎರಡು ಮನೆಗಳಲ್ಲಿ ಟ್ಯೂಷನ್ ಹೇಳಿ ಬಂದು ಆಮೇಲೆ ಲ್ಯಾಬಿನಲ್ಲಿ ಕೂಡುತ್ತೇನೆ.

ಏಪ್ರಿಲಿನಲ್ಲಿ ಸೀಸೆಗಳನ್ನು ತೆರೆದೆ. ಇಪ್ಪತ್ತರಲ್ಲಿ ಒಂದರಲ್ಲೂ ಆ ತುಣುಕು ಆ ಜಾಗದಲ್ಲಿಲ್ಲ. ಗೋಕಾಕದವುಗಳಲ್ಲಿ ಬೇರೆ ಕಡೆ ಕೂತಿದೆ, ಮೂಡಲಗಿಯವುಗಳಲ್ಲಿ ಮತ್ತೊಂದು ಕಡೆ. ಒಂದು ಹಿಂಡಿನಂತೆ ಇನ್ನೊಂದು ಹಿಂಡಿಲ್ಲ. ನೀವು ಹೇಳಿದ್ದು ಖರೆ, ಅದು ಮಾಯಪ್ಪನ ಟಗರಿನ ಗುರುತೇ ಇರಬೇಕು. ನಲವತ್ತು ಪುಟದ ಅಧ್ಯಾಯ ಒಂಬತ್ತು ಪುಟವಾಗಿದೆ. ಒಂಬತ್ತೂ ನಿಜ. ಅಷ್ಟು ಸಾಕು ಎಂದು ಗೈಡ್ ಒಪ್ಪಿದ್ದಾರೆ.

ಈಗ ನನ್ನದೊಂದು ಹೇಳಬೇಕು. ಡಿಸೆಂಬರಿನಲ್ಲೇ ನನಗೆ ಅನುಮಾನ ಬಂದಿತ್ತು. ಆ ಒಂದು ತುಣುಕಷ್ಟೇ ಅಲ್ಲ, ಮೂವತ್ತು ಕುರಿಗಳಲ್ಲಿ ಬೇರೆ ಗುರುತುಗಳೂ ಅಣ್ಣತಮ್ಮಂದಿರಂತೆ ಹೊಂದುತ್ತಿದ್ದವು. ಆ ಗುರುತುಗಳನ್ನು ತೋರಿಸುವ ಫೋಟೊಗಳನ್ನು ಡ್ರಾಯರಿನ ತಳಕ್ಕೆ ಹಾಕಿದೆ. ಅವತ್ತೇ ನಿಮಗೆ ಒಂದು ಸಾಲು ಬರೆದು ಕೇಳಿದ್ದರೆ ನೀವು ಹೇಳುತ್ತಿದ್ದಿರಿ, ಬಸ್ ಹತ್ತುತ್ತಿರಲಿಲ್ಲ. ನಾನು ಕೇಳಲಿಲ್ಲ, ಯಾಕೆಂದರೆ ನನಗೆ ಅದು ಬೇಕಾಗಿತ್ತು. ನಿಮ್ಮ ವ್ರತ ಮುರಿದದ್ದರಲ್ಲಿ ನನ್ನ ಪಾಲೂ ಇದೆ. ಇದನ್ನು ಬರೆಯಲು ನನಗೆ ಎರಡು ತಿಂಗಳು ಬೇಕಾಯಿತು.

ಜೂನ್ ಆರಕ್ಕೆ ನಾಲ್ಕು ದಿನದ ಮಟ್ಟಿಗೆ ಬರುತ್ತೇನೆ. ಗಾಡಿ ಬೆಳಿಗ್ಗೆ ಘಟಪ್ರಭಾಕ್ಕೆ ಬರುತ್ತದೆ. ನೀವು ಸ್ಟೇಷನ್ನಿಗೆ ಬರುತ್ತೀರಾ? ಹೇಗೂ ಮುರಿದಿದೆಯಲ್ಲ ಎಂದು ಕೇಳುತ್ತಿಲ್ಲ. ಸುಮ್ಮನೆ ಕೇಳುತ್ತಿದ್ದೇನೆ. ಏನಿದೆಯೋ ಅದನ್ನೇ ಬರೆಯಿರಿ.

ಆರತಿ

*

ಹುಕ್ಕೇರಿ
14 ಮೇ 1999

ಚಿ. ಆರತಿಗೆ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ಡ್ರಾಯರಿನ ತಳ ನನಗೂ ಗೊತ್ತು.

ಮೂಡಲಗಿಯಿಂದ ಬಂದ ಮೇಲೆ ಪ್ರಾಯಶ್ಚಿತ್ತ ಕೇಳೋಣವೆಂದರೆ ಮುನಿಗಳು ಸಂಕೇಶ್ವರ ಬಿಟ್ಟು ಆಚೆಯ ಸ್ತವನಿಧಿಗೆ ವಿಹಾರ ಹೊರಟುಹೋಗಿದ್ದರು. ಅಂದರೆ ಮುರಿದದ್ದನ್ನು ಹೇಳಿಕೊಳ್ಳಲಿಕ್ಕೂ ನಾನು ಗೆರೆ ದಾಟಬೇಕಿತ್ತು. ನಾನು ತಲೆಯ ಮೇಲೆ ಕೈ ಹೊತ್ತು ಕೂತದ್ದನ್ನು ನಿನ್ನ ಕಾಕಿ ಒಂದು ವಾರ ನೋಡಿದಳು. ಆಮೇಲೆ, "ನಾ ಏನ್ ಗೆರಿ ಹಾಕ್ಕೊಂಡಿಲ್ಲಲ್ರಿ" ಎಂದು ತಾನೇ ಬಸ್ ಹತ್ತಿ ಹೋಗಿ, ನನ್ನ ಪರವಾಗಿ ಎಲ್ಲ ಹೇಳಿ ಬಂದಳು. ರಕ್ತದ ಸಂಗತಿಯನ್ನೂ ಹೇಳಿದಳಂತೆ. ಹತ್ತು ದಿನ ಒಪ್ಪೊತ್ತಿನ ಊಟ, ಆಮೇಲೆ ಬೇಕಿದ್ದರೆ ಹೊಸದಾಗಿ ತೆಗೆದುಕೊಳ್ಳಬಹುದು, ಆಗದಿದ್ದರೆ ಬಿಡಬಹುದು ಎಂದರಂತೆ. ಹತ್ತು ದಿನ ಮುಗಿದವು. ಬಸದಿಯಲ್ಲಿ ನಿಂತು ಮತ್ತೆ ತೆಗೆದುಕೊಂಡೆ. ಅದೇ ಗೆರೆ.

ಆ ಟಗರನ್ನು ಯುಗಾದಿಗೆ ಮಾರಿಬಿಟ್ಟೆ ಎಂದು ಮಾಯಪ್ಪ ಹೇಳಿದ. ಅದರ ಗುರುತು ಜಗತ್ತಿನಲ್ಲಿ ತನ್ನ ಹಿಂಡಿನಲ್ಲಿ ಮಾತ್ರ ಇರಬಹುದೆಂದು ತಿಳಿದು, ಮಾರಬಾರದಿತ್ತು ಅಂದ. ಮಕ್ಕಳಿವೆಯಲ್ಲ ಅಂದೆ.

ನೀನು ಕೇಳಿದ್ದಕ್ಕೆ ಉತ್ತರ. ಸ್ಟೇಷನ್ನಿಗೆ ಬರಲು ಆಗುವುದಿಲ್ಲ. ಇದನ್ನು ಹೋದ ಸೆಪ್ಟೆಂಬರಿನಲ್ಲೇ ಬರೆಯಬೇಕಿತ್ತು, ಈಗ ಬರೆಯುತ್ತಿದ್ದೇನೆ. ಗಾಡಿ ಇಳಿದು ಹುಕ್ಕೇರಿ ಬಸ್ ಹತ್ತು. ಘೋಡಗೇರಿಯ ಸ್ಟ್ಯಾಂಡಿನಲ್ಲಿ ನಾನು ನಿಂತಿರುತ್ತೇನೆ.

ಭೂಪಾಲ